ಮುಷ್ಟಿಯೊಳಗಿನ ಉದ್ದ ಸೂಜಿ

ನಾನು ಒಂದು ಸೂಜಿ. ಸೂಜಿ ಅಂದ ತಕ್ಷಣ ನಿಮಗೆ ಗುಂಡಿ ಹೊಲಿಯೋದು, ಕಾಲಿನ ಮುಳ್ಳು ತೆಗೆಯೋದು, ಜ್ವರ ಬಂದಾಗ ಸೊಂಟಕ್ಕೆ ಚುಚ್ಚೋದು ನೆನಪಾಯಿತೇ? ಅವರೆಲ್ಲ ನನ್ನ ದೂರದ ನೆಂಟರು. ಅವರ ಬಗ್ಗೆ ನನಗೆ ಗೌರವ ಇಲ್ಲ ಅಂತಲ್ಲ, ಪಾಪ, ಅವರ ಪಾಡು ಅವರಿಗೆ. ನನ್ನ ಕಸುಬೇ ಬೇರೆ. ನಾನು ತಲೆಬುರುಡೆಯ ಒಳಗೆ, ಮಿದುಳಿಗೆ ಇಳಿಯುವ ಸೂಜಿ. ಪುಸ್ತಕದಲ್ಲಿ ನನಗೊಂದು ದೊಡ್ಡ ಇಂಗ್ಲಿಷ್ ಹೆಸರಿದೆಯಂತೆ. ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಕರೆದದ್ದು ‘ಉದ್ದ ಸೂಜಿ’ ಅಂತಲೇ.

ನಾನು ಹುಟ್ಟಿದ್ದು ಮುಂಬಯಿಯ ಒಂದು ಇಕ್ಕಟ್ಟು ಗಲ್ಲಿಯಲ್ಲಿ. ಮೇಲೆ ಕಾದ ತಗಡು, ಕೆಳಗೆ ಒಂದೇ ಸಮನೆ ಕಿರುಗುಟ್ಟುವ ಲೇತ್ ಮಷಿನ್. ನನ್ನನ್ನು ತಯಾರಿಸಿದ ಹಸನ್‌ಭಾಯಿಗೆ ಹರಳೆಣ್ಣೆಯ ಹಾಗೆ ನಿಧಾನದ ಕೈ. ಅರ್ಧ ಗೇಣುದ್ದದ ಉಕ್ಕಿನ ಕೊಳವೆ, ಒಳಗೊಂದು ತೆಳ್ಳನೆ ತಂತಿ, ಪಕ್ಕದಲ್ಲಿ ಪುಟ್ಟ ಕಿಂಡಿ, ಮೈಮೇಲೆ ಎಷ್ಟು ಆಳಕ್ಕೆ ಇಳಿದೆ ಅಂತ ತಿಳಿಯೋದಕ್ಕೆ ಗೀರುಗಳು, ಇಷ್ಟು ನಾನು. ತುದಿ ಮಾತ್ರ ಮೊನಚಲ್ಲ. ಹಸನ್‌ಭಾಯಿ ಅದನ್ನು ತಿಕ್ಕಿ ತಿಕ್ಕಿ ಅಕ್ಕಿಕಾಳಿನ ಹಾಗೆ ದುಂಡಗೆ ಮಾಡಿದ. ಮಿದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಮೊನಚಾದರೆ ಅವನ್ನು ಹರಿಯುತ್ತೇನೆ, ದುಂಡಗಿದ್ದರೆ ಸರಿಸಿಕೊಂಡು ಹೋಗುತ್ತೇನೆ. ಮೈ ಹೊಳೆದ ದಿನ ಅವನು ನನ್ನನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಕೊಳವೆಯೊಳಗೆ ಇಣುಕಿದ. ನಾನು ಕಂಡ ಮೊದಲ ಮುಖ ಅದು, ಬರೀ ಒಂದು ಕಣ್ಣು.

ನನ್ನ ಮೊದಲ ಯಜಮಾನರು ಮೇಜರ್ ಪೊನ್ನಪ್ಪ, ಮಿಲಿಟರಿಯಲ್ಲಿದ್ದ ಮಿದುಳಿನ ಸರ್ಜನ್. ಟ್ರೇಯಲ್ಲಿ ಮಲಗಿ ಕೆಳಗಿನಿಂದ ನೋಡುವ ನನಗೆ ಮನುಷ್ಯರೆಂದರೆ ಮೂಗಿನ ಹೊಳ್ಳೆ, ಮುಖಕ್ಕೆ ಕಟ್ಟಿದ ಬಟ್ಟೆ, ಅದರ ಮೇಲೆ ಎರಡು ಕಣ್ಣು. ಮೇಜರ್ ಸಾಹೇಬರ ಹುಬ್ಬು ಪೊದೆಯಾಗಿತ್ತು, ಸಿಟ್ಟು ಅದಕ್ಕಿಂತ ದಟ್ಟ. ಶಿಷ್ಯರಿಗೆ ಅವರು ದಿನಾ ಹೇಳುತ್ತಿದ್ದದ್ದು ಒಂದೇ ಮಾತು: “ಮಿದುಳು ಬಿಗಿದುಕೊಂಡು ಉಬ್ಬಿದ್ದು ಕಂಡರೆ ಮೊದಲು ಸೂಜಿ, ಆಮೇಲೆ ಯೋಚನೆ!” ತಲೆಬುರುಡೆ ಗಟ್ಟಿ ಡಬ್ಬಿ ನೋಡಿ, ಹಿಗ್ಗೋದಿಲ್ಲ. ಒಳಗೆ ಕೀವೋ ನೀರೋ ತುಂಬಿದರೆ ಮಿದುಳು ಅಪ್ಪಚ್ಚಿಯಾಗುತ್ತದೆ, ಉಸಿರು ನಿಲ್ಲುತ್ತದೆ. ಆಗ ನಾನು ಒಳಗಿಳಿದು ಒಂದಿಷ್ಟು ಹೊರಗೆ ಬಿಟ್ಟರೆ ಸಾಕು, ನಿಂತೇಹೋಗುತ್ತಿದ್ದ ಉಸಿರು ಮರಳುತ್ತದೆ. ಕಿವಿ ಸೋರಿ ಸೋರಿ ಮಿದುಳಿಗೆ ಕೀವು ಏರಿದ ಮಕ್ಕಳನ್ನು ನಾನು ಎಷ್ಟು ಸಲ ಸಾವಿನ ಬಾಯಿಂದ ಎಳೆದು ತಂದಿದ್ದೇನೋ! ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡರೂ ಚಿಂತೆಯಿಲ್ಲ, ನಿಜ ನಿಜವೇ.

ಮೇಜರ್ ಸಾಹೇಬರು ನಿವೃತ್ತರಾದಾಗ ನನ್ನನ್ನು ತಮ್ಮ ಮೆಚ್ಚಿನ ಶಿಷ್ಯನ ಕೈಗಿಟ್ಟರು. ಹೀಗೆ ನಾನು ಡಾಕ್ಟರ್ ವಿರೂಪಾಕ್ಷ ಮುಳಗುಂದ ಅವರ ಜೊತೆ ಹುಬ್ಬಳ್ಳಿಯ ಆಸ್ಪತ್ರೆಗೆ ಬಂದೆ. ಮುಳಗುಂದ ಡಾಕ್ಟರು ಗುರುವಿನ ಹಾಗೆ ಗದರುವವರಲ್ಲ. ಮಾತು ಕಡಿಮೆ, ಬೆವರು ಜಾಸ್ತಿ. ಆದರೆ ಗುರುವಿನ ಆ ಮಾತು ಅವರ ಕೈಗೆ ಅಂಟಿಕೊಂಡಿತ್ತು. ಮಿದುಳು ಉಬ್ಬಿದ್ದು ಕಂಡರೆ ತಲೆ ಎತ್ತದೆಯೇ ಬಲಗೈ ಪಕ್ಕಕ್ಕೆ ಚಾಚುತ್ತಿತ್ತು. ಬಾಯಿ ‘ಸೂಜಿ’ ಅನ್ನುವಷ್ಟರಲ್ಲಿ ನಾನು ಆ ಅಂಗೈಯಲ್ಲಿ ಇರುತ್ತಿದ್ದೆ.

ಇಡುತ್ತಿದ್ದವರು ಥಿಯೇಟರಿನ ಸಿಸ್ಟರ್ ಎಸ್ತೇರ್ ಅಮ್ಮಣ್ಣ. ಉಡುಪಿ ಕಡೆಯವರು, ಹುಬ್ಬಳ್ಳಿಗೆ ಬಂದು ತಲೆಗೂದಲು ನೆರೆತರೂ ತಮ್ಮೂರಿನ ಮಾತು ಬಿಟ್ಟಿರಲಿಲ್ಲ. ನನ್ನ ಸ್ನಾನ, ಬಿಸಿನೀರಿನ ಕುದಿ, ಒರೆಸುವಿಕೆ ಎಲ್ಲ ಅವರದೇ. ಕುದಿಸುವಾಗ ನಮ್ಮ ಜೊತೆ ಮಾತಾಡುತ್ತಿದ್ದರು. “ಈ ಕತ್ತರಿಗೆ ಎಂತ ಸೊಕ್ಕು ನೋಡಿ, ಬಾಯಿ ಬಿಡುದೇ ಇಲ್ಲ” ಅನ್ನುತ್ತಿದ್ದರು. ನನ್ನ ಕೊಳವೆಯೊಳಗೆ ನೀರು ಹಾಯಿಸಿ, ಪಕ್ಕದ ಕಿಂಡಿಯಿಂದ ಅದು ಹೊರಗೆ ಬಂದರೆ ಮಾತ್ರ ಅವರಿಗೆ ಸಮಾಧಾನ.

ನನ್ನ ಗಾಜಿನ ಕಪಾಟು ಥಿಯೇಟರಿನ ಪಕ್ಕದ ಕೋಣೆಯಲ್ಲಿತ್ತು. ಪೇಷಂಟಿನ ಕಣ್ಣಿನೊಳಗೆ ದೀಪ ಬಿಟ್ಟು ನೋಡೋದಕ್ಕೆ ಕತ್ತಲೆ ಬೇಕಲ್ಲ, ಅದಕ್ಕೆ ಡಾಕ್ಟರು ಅಲ್ಲಿಗೇ ಕರೆದುಕೊಂಡು ಬರುತ್ತಿದ್ದರು. ಹಾಗಾಗಿ ಬೀರವ್ವ ಒಳಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಬಂದಳು ಅನ್ನೋದಕ್ಕಿಂತ ಹೊತ್ತು ತಂದರು ಅನ್ನಬೇಕು. ಏಳೆಂಟು ವರ್ಷದ ಹುಡುಗಿ, ಕರಿ ಕಂಬಳಿಯಲ್ಲಿ ಸುತ್ತಿ ತಾಯಿ ಮಾಳವ್ವ ಹೆಗಲ ಮೇಲೆ ಹಾಕಿಕೊಂಡಿದ್ದಳು. ತಲೆ ಒಂದು ಕಡೆ ವಾಲಿತ್ತು. ಸ್ಟೂಲಿನ ಮೇಲೆ ಕೂರಿಸಿದರೆ ಬೀಳುತ್ತಾಳೇನೋ ಅಂತ ತಾಯಿ ಹಿಂದಿನಿಂದ ತಬ್ಬಿ ನಿಂತಳು.

“ಏನವ್ವಾ, ಯಾವಾಗಿಂದ ಹಿಂಗ?” ಅಂದರು ಡಾಕ್ಟರು.

“ಮೊದಲ ತಲಿನೋವು ಅಂತಿದ್ಲರಿ. ಬೆಳಿಗ್ಗೆ ಎದ್ದ ಕೂಡ್ಲೆ ವಾಂತಿ. ಆಮ್ಯಾಲ ಫಿಟ್ಸ್ ಬರಾಕ ಹತ್ತಿದ್ವು. ಊರಾಗಿನ ಡಾಕ್ಟ್ರು ಗುಳಿಗಿ ಕೊಟ್ರು, ಫಿಟ್ಸ್ ನಿಂತ್ವು. ಈಗ ಎಡಗೈಲೆ ರೊಟ್ಟಿ ಹಿಡಿಯಾಕ ಆಗವಲ್ದರಿ. ಮತ್ತ...” ಮಾಳವ್ವ ಮಗಳ ಕಣ್ಣ ಮೇಲೆ ಬಿದ್ದ ಕೂದಲು ಸರಿಸಿದಳು. “ಮತ್ತ ನಾ ಎದುರಿಗೆ ನಿಂತ್ರ ‘ಯವ್ವಾ ಎಲ್ಲಿದ್ದಿ’ ಅಂತ ಕೇಳ್ತಾಳ್ರಿ.”

ಡಾಕ್ಟರು ಹುಡುಗಿಗೆ ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚು ಅಂದರು. ಬಲಗೈ ನಿಂತಿತು, ಎಡಗೈ ಸೋತು ಕೆಳಗೆ ಇಳಿಯಿತು. ಆಮೇಲೆ ಬೆರಳಿನಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಬಿರುಕು ಬಿಟ್ಟ ಗಡಿಗೆಯನ್ನು ತಟ್ಟಿದರೆ ಬರುವ ಸದ್ದು ಕೇಳಿದ್ದೀರಾ? ಅದೇ ಸದ್ದು. ಮಕ್ಕಳ ತಲೆಯಲ್ಲಿ ಒತ್ತಡ ಏರಿ ಬುರುಡೆಯ ಹೊಲಿಗೆ ಬಿಚ್ಚಿಕೊಂಡಾಗ ಹಾಗೆ ಕೇಳಿಸುತ್ತದೆ. ದೀಪ ಆರಿಸಿ ಕಣ್ಣಿನೊಳಗೆ ನೋಡಿ ಡಾಕ್ಟರು ಉಸಿರು ಬಿಟ್ಟರು. ಕಣ್ಣಿನ ನರಗಳು ಉಬ್ಬಿಬಿಟ್ಟಿದ್ದವು. ತಡ ಮಾಡಿದರೆ ದೃಷ್ಟಿಯೂ ಹೋಗುತ್ತದೆ, ಜೀವವೂ ಹೋಗುತ್ತದೆ.

“ಕೀವು ಇರಬೇಕು. ಸಿಸ್ಟರ್, ಉದ್ದ ಸೂಜಿ ಕುದಿಸಿ ಇಡ್ರಿ” ಅಂದರು.

ನನಗೆ ಎಷ್ಟು ಹಿಗ್ಗಾಯಿತು ಅಂತೀರಿ! ಕೀವು ಅಂದರೆ ನನ್ನ ಕೆಲಸ. ಬಾಗಿಲು ತೆಗೆಯೋದನ್ನೇ ಕಾಯುತ್ತಿದ್ದೆ. ಆದರೆ ಡಾಕ್ಟರು ಮತ್ತೆ ಕೇಳುತ್ತಾ ಹೋದರು. ಕಿವಿ ಸೋರಿತ್ತೇ? ಇಲ್ಲ. ಜ್ವರ ಬಂದಿತ್ತೇ? ಅದೂ ಇಲ್ಲ. ಅವರ ಮುಖದಲ್ಲಿ ಒಂದು ಗೆರೆ ಮೂಡಿತು. ಕಿವಿ ಸೋರಿಲ್ಲ, ಜ್ವರ ಇಲ್ಲ, ಹಾಗಾದರೆ ಕೀವು ಎಲ್ಲಿಂದ ಬಂತು?

ಆಗ ತಲೆಯೊಳಗನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನ್ ಮಷಿನ್ ನಮ್ಮ ಕಡೆ ಇರಲಿಲ್ಲ. ಕತ್ತಿನ ರಕ್ತನಾಳಕ್ಕೆ ಒಂದು ಔಷಧ ಬಿಟ್ಟು, ಅದು ಮಿದುಳಿಗೆ ಏರುವಾಗ ಬೇಗ ಬೇಗ ಎಕ್ಸ್‌ರೇ ತೆಗೆಯೋದು, ನಾಳಗಳು ಎತ್ತ ಸರಿದಿವೆ ಅಂತ ನೋಡಿ ಊಹಿಸೋದು, ಅಷ್ಟೇ ದಾರಿ. ಮರುದಿನ ಆ ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾನೂ ನೋಡಿದೆ. ತಲೆಯ ಬಲಭಾಗದಲ್ಲಿ ನಾಳಗಳೆಲ್ಲ ಬಾಗಿ, ಮಧ್ಯೆ ತಟ್ಟೆ ಇಟ್ಟು ಸುತ್ತ ಗೆರೆ ಎಳೆದ ಹಾಗೆ ದುಂಡಗೆ ಖಾಲಿ ಜಾಗ. ಆ ಜಾಗದಲ್ಲಿ ಒಂದೇ ಒಂದು ನಾಳವೂ ಇಲ್ಲ.

ಡಾಕ್ಟರು ಆ ಖಾಲಿ ಜಾಗದ ಸುತ್ತ ಬೆರಳಾಡಿಸಿದರು. ಆಮೇಲೆ ಮಾಳವ್ವನನ್ನು ಕರೆಸಿದರು.

“ನಿಮ್ಮ ಕಸಬು ಏನವ್ವಾ?”

“ಕುರಿ ಕಾಯೂ ಮಂದಿ ರೀ ನಾವು. ಮಳಿ ನಿಂತ್ವು ಅಂದ್ರ ಹಿಂಡು ಹೊಡಕೊಂಡು ಹೊಂಟುಬಿಡ್ತೀವಿ. ಹೊಲದಾಗ ತಟ್ಟಿ ಹಾಕಿ ಅಲ್ಲೇ ಇರೂದು.”

“ನಾಯಿ ಐತೇನು?”

ಮಾಳವ್ವನಿಗೆ ಆ ದುಃಖದಲ್ಲೂ ನಗೆ ಬಂತು. “ನಾಯಿ ಇಲ್ದ ಕುರಿ ಕಾಯಾಕ ಆಗತೈತೇನ್ರೀ? ಕಾಳ್ಯಾ ಅಂತ ಐತಿ. ಇಕಿ ಅದನ್ನ ತಬ್ಬಕೊಂಡ ಮಕ್ಕೋತಾಳ. ಅರ್ಧ ರೊಟ್ಟಿ ಅದಕ್ಕ, ಅದು ಕಚ್ಚಿ ಬಿಟ್ಟ ಅರ್ಧ ಇಕಿಗೆ.”

“ಕುರಿ ಕೊಯ್ದಾಗ ಕಾಳಿಜದಾಗ ನೀರಗುಳ್ಳಿ ಸಿಗತಾವಲ್ಲ, ಅವನ್ನ ಏನ್ ಮಾಡ್ತೀರಿ?”

“ಅದನ್ನ ಯಾರ್ ತಿಂತಾರ್ರೀ! ನಾವು ಅಂಥಾದ್ದು ಮುಟ್ಟೂ ಮಂದಿ ಅಲ್ಲ. ಕೊಯ್ದು ತಗದು ನಾಯಿಗೆ ಒಗೀತೀವಿ.”

ತಮ್ಮ ಅಡಿಗೆಯ ಚೊಕ್ಕತನ ಡಾಕ್ಟರಿಗೆ ತಿಳಿಯಲಿ ಅಂತ ಅವಳು ಬಿಗಿಯಾಗಿಯೇ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಅವಳ ಮುಖ ನೋಡಲಿಲ್ಲ. “ಆಪರೇಷನ್ ಮಾಡಬೇಕವ್ವಾ” ಅಂದರು ಅಷ್ಟೇ.

“ಜೀವ ಉಳಿತೈತೇನ್ರೀ? ಕಣ್ಣ ಬರತಾವೇನ್ರೀ?”

“ಜೀವಕ್ಕ ನನ್ನ ಕೈಲಾದಷ್ಟು ಮಾಡ್ತೀನಿ. ಕಣ್ಣಿಂದು ಈಗ ಏನೂ ಹೇಳಾಕ ಬರೂದಿಲ್ಲ.”

ಅವಳು ಹೊರಗೆ ಹೋದ ಮೇಲೆ ಸಿಸ್ಟರಿಗೆ ಅವರು ಬಿಡಿಸಿ ಹೇಳಿದ್ದನ್ನು ನಾನು ಉಸಿರು ಬಿಗಿಹಿಡಿದು ಕೇಳಿದೆ. ನಾಯಿಯ ಕರುಳಿನಲ್ಲಿ ಒಂದು ಪುಟ್ಟ ಹುಳು ಇರುತ್ತದೆಯಂತೆ. ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಗೆ ಬಂದು ಹುಲ್ಲಿಗೆ, ನಾಯಿಯ ರೋಮಕ್ಕೆ ಅಂಟುತ್ತದೆ. ಹುಲ್ಲು ತಿಂದ ಕುರಿಯ ಹೊಟ್ಟೆ ಸೇರಿದರೆ ಕಾಳಿಜದಲ್ಲಿ, ಅಂದರೆ ಯಕೃತ್ತಿನಲ್ಲಿ, ನೀರಿನ ಚೀಲವಾಗಿ ಬೆಳೆಯುತ್ತದೆ. ಆ ಚೀಲವನ್ನು ನಾಯಿ ತಿಂದರೆ ಮತ್ತೆ ಹುಳು. ಕುರಿ, ನಾಯಿ, ಕುರಿ, ನಾಯಿ ಅಂತ ಸುತ್ತುವ ಈ ಗಾಣಕ್ಕೆ ನಡುವೆ ಮಗುವಿನ ಕೈ ಸಿಕ್ಕಿಕೊಳ್ಳುತ್ತದೆ. ನಾಯಿಯನ್ನು ನೇವರಿಸಿದ ಕೈ ಬಾಯಿಗೆ ಹೋಗುತ್ತದೆ, ಮೊಟ್ಟೆ ರಕ್ತದಲ್ಲಿ ತೇಲಿ ಒಮ್ಮೊಮ್ಮೆ ಮಿದುಳಿಗೇ ಏರುತ್ತದೆ. ಅಲ್ಲಿ ಸದ್ದಿಲ್ಲದೆ ನೀರು ತುಂಬಿಕೊಂಡು ಕಿತ್ತಳೆಯಷ್ಟು, ಅದಕ್ಕಿಂತ ದೊಡ್ಡದಾಗುತ್ತದೆ.

“ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಡಾಕ್ಟ್ರೇ, ನೀರಲ್ವಾ? ಸೂಜಿ ಹಾಕಿ ತೆಗೆದ್ರೆ ಆಯ್ತು” ಅಂದರು ಸಿಸ್ಟರ್. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು.

“ಸೂಜಿ ಹಾಕಿದ್ರ ಹುಡುಗಿ ಸತ್ತಂಗ, ಸಿಸ್ಟರ್.” ಡಾಕ್ಟರ ದನಿ ಇಳಿಯಿತು. “ಆ ಚೀಲದ ಪೊರಿ ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳು. ಒಳಗಿನ ನೀರು ಒಂದು ಹನಿ ಸೋರಿದ್ರೂ ಮೈಗೆ ವಿಷ ಏರಿದಂಗ ಆಗಿ ಬಿ.ಪಿ. ಬಿದ್ದುಹೋಗತೈತಿ. ಉಳದ್ರೂ ಆ ನೀರಾಗ ಮರಳಿನಂಗ ಬೀಜ ಇರತಾವು, ಒಂದೊಂದೂ ಒಂದೊಂದು ಹೊಸಾ ಚೀಲ ಆಗತೈತಿ. ನಾ ಕಲಿಯೂ ಮುಂದ ಬ್ಯಾರೆ ಊರಾಗ ಒಂದು ನೋಡೀನಿ. ಕೀವು ಅಂತ ತಿಳಕೊಂಡು ಚುಚ್ಚಿದ್ರು. ಹುಡುಗ ಟೇಬಲ್ ಮ್ಯಾಲೇ ಹೋದ. ಒಡೀದಂಗ, ಇಡೀ ಚೀಲನ ಹೊರಗ ಬರಬೇಕು. ಅದೊಂದ ದಾರಿ.”

ಕಪಾಟಿನೊಳಗೆ ನನಗೆ ಮೈಯೆಲ್ಲ ತಣ್ಣಗಾಯಿತು. ಇಷ್ಟು ಕಾಲ ಮಕ್ಕಳ ಜೀವ ಉಳಿಸಿದವನು ನಾನೇ ಅಂತ ಬೀಗುತ್ತಿದ್ದೆನಲ್ಲ, ಈ ಮಗುವಿನ ಪಾಲಿಗೆ ನಾನೇ ಯಮ.

ಆಮೇಲೆ ಡಾಕ್ಟರು ಹೇಳಿದ ಮಾತು ನನಗೆ ಇನ್ನೂ ಭಯ ಹುಟ್ಟಿಸಿತು. “ಸಿಸ್ಟರ್, ನನ್ನ ಕೈ ನನಗ ಗೊತ್ತೈತಿ. ಮಿದುಳು ಉಬ್ಬಿದ್ದು ಕಂಡ್ರ ಅದು ತಾನಾಗೇ ಸೂಜಿ ಕೇಳತೈತಿ. ನಾಳೆ ನಾ ಕೇಳಿದ್ರೂ ಕೊಡಬ್ಯಾಡ್ರಿ. ಬೈದ್ರೂ ಕೊಡಬ್ಯಾಡ್ರಿ.”

“ಹಾಗಾದ್ರೆ ಟ್ರಾಲಿಯಲ್ಲಿ ಇಡುದೇ ಬೇಡ ಅಲ್ವಾ?”

“ಇಡಬೇಕು. ನನ್ನ ಲೆಕ್ಕ ತಪ್ಪಿ ಕೀವೇ ಇದ್ರ? ಆವಾಗ ಅದ ಬೇಕು. ‘ಕೀವು ಕಂಡೈತಿ’ ಅಂತ ನಾ ಬಾಯಿಬಿಟ್ಟು ಹೇಳಿದ್ರ ಮಾತ್ರ ಕೊಡ್ರಿ. ಇಲ್ಲಂದ್ರ ಇಲ್ಲ.”

ಸಿಸ್ಟರ್ ಆಯ್ತು ಅಂದರು. ಆ ಸಂಜೆ ನನ್ನನ್ನು ಕುದಿಸುವಾಗ ಅವರು ಕತ್ತರಿಯನ್ನೂ ಬೈಯಲಿಲ್ಲ, ನನ್ನನ್ನೂ ಮಾತಾಡಿಸಲಿಲ್ಲ.

ಬೆಳಿಗ್ಗೆ ಬೀರವ್ವನ ತಲೆ ಬೋಳಿಸಿ ಟೇಬಲ್ ಮೇಲೆ ಮಲಗಿಸಿದರು. ಅರಿವಳಿಕೆ ಕೊಡುವ ಡಾಕ್ಟರ್ ಹಂಚಿನಾಳ ತಲೆಯ ಪಕ್ಕ ಕೂತು ನಾಡಿ ಹಿಡಿದುಕೊಂಡರು. ಬೆಚ್ಚಗಿನ ಉಪ್ಪುನೀರಿನ ಪಾತ್ರೆ, ಮೆತ್ತನೆ ರಬ್ಬರ್ ಕೊಳವೆ, ದೊಡ್ಡ ಬೋಗುಣಿ, ಎಲ್ಲ ಸಾಲಾಗಿ ಇದ್ದವು. ನಾನು ಟ್ರಾಲಿಯ ಮೂಲೆಯಲ್ಲಿ. ದಿನಾ ಎಲ್ಲರಿಗಿಂತ ಮುಂದೆ ಇರುತ್ತಿದ್ದವನು!

ಚರ್ಮ ಬಿಡಿಸಿ, ಮೂಳೆಯಲ್ಲಿ ಕಿಟಕಿ ಕೊರೆದರು. ಮೂಳೆ ಹಪ್ಪಳದಷ್ಟು ತೆಳುವಾಗಿತ್ತು, ಒಳಗಿನ ಒತ್ತಡ ಅದನ್ನು ಸವೆಸಿಬಿಟ್ಟಿತ್ತು. ಅದರ ಕೆಳಗೆ ಮಿದುಳನ್ನು ಹೊದ್ದ ಗಟ್ಟಿ ಪೊರೆ. ಅದಕ್ಕೆ ಕತ್ತರಿಯಿಂದ ಸಣ್ಣ ಸೀಳು ಹಾಕಿದರೋ ಇಲ್ಲವೋ, ಮಿದುಳು ಆ ಸೀಳಿನಿಂದ ಉಕ್ಕುವ ಹಾಲಿನ ಹಾಗೆ ಹೊರಗೆ ಉಬ್ಬತೊಡಗಿತು.

“ನಾಡಿ ಇಳ್ಯಾಕ ಹತ್ತೈತಿ” ಅಂದರು ಹಂಚಿನಾಳ ಡಾಕ್ಟರು.

ಮುಳಗುಂದ ಡಾಕ್ಟರ ಹಣೆಯ ಬೆವರು ಕಣ್ಣಿಗೆ ಇಳಿಯಿತು.

“ವಿರೂಪಾಕ್ಷ, ನಾಡಿ ಭಾಳ ಇಳೀತು! ಏನರೆ ಮಾಡು, ಲಗೂನ ಮಾಡು!”

ಆ ಬಲಗೈ ಪಕ್ಕಕ್ಕೆ ಚಾಚಿತು. ನಾನು ಹೆದರಿದ್ದು ಅದಕ್ಕೇ. ತಲೆ ಎತ್ತಲಿಲ್ಲ, ಕಣ್ಣು ಕದಲಿಸಲಿಲ್ಲ, ಅಂಗೈ ತೆರೆದುಕೊಂಡು ಕಾಯುತ್ತಿತ್ತು. “ಸೂಜಿ.”

ನಿಮಗೆ ನಿಜ ಹೇಳಿಬಿಡುತ್ತೇನೆ. ಆ ಅಂಗೈ ಕಂಡ ಕೂಡಲೇ ನನಗೂ ಹೋಗಿಬಿಡಬೇಕು ಅನ್ನಿಸಿತು. ಎಷ್ಟು ವರ್ಷದ ಒಡನಾಟ ಅದು! ಸಿಸ್ಟರ್ ಕೈಯೂ ನನ್ನ ಕಡೆ ಬಂತು, ನನ್ನನ್ನು ಎತ್ತಿಕೊಂಡಿತು. ಎತ್ತಿಕೊಂಡು, ಅಂಗೈಗೆ ಇಡಲಿಲ್ಲ. ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡಿತು, ನಾನು ಅದರೊಳಗೆ ಸಿಕ್ಕಿಹಾಕಿಕೊಂಡೆ.

“ಕೀವು ಕಂಡಿತಾ ಡಾಕ್ಟ್ರೇ?”

“ಸೂಜಿ ಕೊಡ್ರಿ ಅಂದೆ!”

“ಕೀವು ಕಂಡಿತಾ?”

“ಹುಡುಗಿ ಸಾಯಾಕ ಹತ್ತ್ಯಾಳ, ಕಣ್ಣ ಕಾಣವಲ್ವೇನ ನಿಮಗ? ಕೊಡ್ರಿ!” ಅವರು ಹಾಗೆ ಕೂಗಿದ್ದನ್ನು ಆ ಥಿಯೇಟರಿನ ಗೋಡೆಗಳೂ ಕೇಳಿರಲಿಲ್ಲ.

“ನಾನು ಕೊಡುದಿಲ್ಲ ಡಾಕ್ಟ್ರೇ. ಕೊಡಬೇಡಿ ಅಂತ ಹೇಳಿದ್ದು ನೀವೇ.”

ದನಿ ಗಟ್ಟಿಯಾಗಿತ್ತು. ಆದರೆ ಮುಷ್ಟಿಯೊಳಗಿದ್ದ ನನಗೆ ಗೊತ್ತು: ಗ್ಲೌಸಿನ ಒಳಗೆ ಅವರ ನಾಡಿ ನನ್ನ ಮೈಗೆ ಬಡಿಯುತ್ತಿತ್ತು, ಡಬ್ ಡಬ್ ಅಂತ. ಕರ್ತನೇ, ಕರ್ತನೇ ಅಂತ ಗೊಣಗುತ್ತಿದ್ದರು. ಪಾಪ, ಅವರಿಗೇನು ಗೊತ್ತು ಒಳಗೆ ಕೀವಿದೆಯೋ ನೀರಿದೆಯೋ ಅಂತ? ಕೀವೇ ಆಗಿದ್ದರೆ? ಈ ಕ್ಷಣದಲ್ಲಿ ನನ್ನನ್ನು ಕೊಡದೆ ಆ ಮಗು ಹೋಗಿಬಿಟ್ಟರೆ? ಹೊರಗೆ ಬೆಂಚಿನ ಮೇಲೆ ಕೂತ ತಾಯಿಗೆ ಏನಂತ ಹೇಳೋದು? ನಿನ್ನೆಯ ಡಾಕ್ಟರನ್ನು ನಂಬಬೇಕೋ, ಇವತ್ತಿನ ಡಾಕ್ಟರನ್ನು ನಂಬಬೇಕೋ? ಅಯ್ಯೋ, ನನ್ನ ಜನ್ಮದಲ್ಲಿ ಅಂಥ ಸಂಕಟ ಇನ್ನೊಂದಿಲ್ಲ. ಕೈ ಸಡಿಲವಾಗಲಿ ಅಂತ ಒಂದು ಗಳಿಗೆ, ಆಗದಿರಲಿ ಅಂತ ಇನ್ನೊಂದು ಗಳಿಗೆ ಬೇಡಿಕೊಂಡೆ.

ನನಗೆ ಕಾಣುತ್ತಿದ್ದದ್ದು ಬರೀ ಕತ್ತಲು. ಕೇಳಿಸಿದ್ದು ಒಂದು ದೀರ್ಘ ಉಸಿರು. ಆಮೇಲೆ ಮುಳಗುಂದ ಡಾಕ್ಟರ ದನಿ, ತಮ್ಮ ಎಂದಿನ ಮೆಲ್ಲನೆ ದನಿ.

“ಕತ್ತರಿ ಕೊಡ್ರಿ. ಪೊರಿ ಇನ್ನೂ ಅಗಲ ಬಿಚ್ಚೂಣು. ಅದಕ್ಕ ಜಾಗಾ ಬೇಕಾಗೇತಿ.”

ಸಿಸ್ಟರ್ ಇನ್ನೊಂದು ಕೈಯಿಂದ ಕತ್ತರಿ ಕೊಟ್ಟರು. ಕಚಕ್, ಕಚಕ್. ಬುರುಡೆಯ ಕಿಟಕಿಯ ತುಂಬ ಪೊರೆ ಬಿಚ್ಚಿದರು.

“ನಾಡಿ ನಿಂತ್ಕೊಂತು” ಅಂದರು ಹಂಚಿನಾಳ. “ಏರವಲ್ದು, ಆದ್ರ ಇಳ್ಯಾಕೂ ಹತ್ತಿಲ್ಲ.”

“ಇಲ್ಲಿ ನೋಡ್ರಿ.” ಮುಳಗುಂದ ಡಾಕ್ಟರು ಅಂದರು. “ಮಿದುಳು ಇಲ್ಲೆ ಕಾಗದದಷ್ಟು ತೆಳು ಆಗೇತಿ. ಅದರ ಕೆಳಗ ಬೆಳ್ಳಗ ಕಾಣಾಕ ಹತ್ತೇತಿ. ಕೀವಲ್ಲ. ಚೀಲ. ಸಿಸ್ಟರ್, ಚೀಲ ಐತಿ.”

ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಇನ್ನು ಮುಂದಿನದ್ದನ್ನೆಲ್ಲ ನಾನು ಕಿವಿಯಿಂದಲೇ ನೋಡಿದೆ. ಆ ತೆಳು ಪದರವನ್ನು ಬಿಡಿಸಿ, ಚೀಲ ಮತ್ತು ಮಿದುಳಿನ ನಡುವೆ ರಬ್ಬರ್ ಕೊಳವೆ ತೂರಿಸಿದರು. “ನೀರು ಬಿಡ್ರಿ, ಮೆಲ್ಲಕ. ಇನ್ನೂ ಮೆಲ್ಲಕ.” ಬೆಚ್ಚಗಿನ ಉಪ್ಪುನೀರು ಒಳಗಿಳಿದು ಚೀಲವನ್ನು ಸುತ್ತಲೂ ಬಿಡಿಸುತ್ತಾ ತೇಲಿಸಬೇಕು. ಕೈ ಹಾಕುವ ಹಾಗಿಲ್ಲ, ಎಳೆಯುವ ಹಾಗಿಲ್ಲ, ಚಿಮುಟ ತೋರಿಸುವ ಹಾಗೂ ಇಲ್ಲ. “ಟೇಬಲ್ ತಲಿ ಕಡೆ ಇಳಸ್ರಿ. ಸಾಕು. ಬೋಗುಣಿ ಕೆಳಗ ಹಿಡೀರಿ.” ತೊಟ ತೊಟ ನೀರು ನೆಲಕ್ಕೆ ಬೀಳುತ್ತಿತ್ತು. “ಬರಾಕ ಹತ್ತೇತಿ... ಯಾರೂ ಮುಟ್ಟಬ್ಯಾಡ್ರಿ... ತಾನ ಬರ್ಲಿ... ತಾನ ಬರ್ಲಿ...”

ಬುಳಕ್!

“ಒಡದೈತೇನು?” ಹಂಚಿನಾಳರ ಕೂಗು.

“ಒಡದಿಲ್ಲ.” ಮುಳಗುಂದ ಡಾಕ್ಟರು ಮತ್ತೆ ಮತ್ತೆ ಹೇಳಿದರು. “ಒಡದಿಲ್ಲ. ಒಡದಿಲ್ಲ. ಇಡೀದು ಬಂದೇತಿ.”

ಆಮೇಲೆ ಮುಷ್ಟಿ ಬಿಚ್ಚಿಕೊಂಡಿತು. ನನ್ನ ಗೀರುಗಳೆಲ್ಲ ಸಿಸ್ಟರ್ ಗ್ಲೌಸಿನ ಮೇಲೆ ಅಚ್ಚೊತ್ತಿದ್ದವು. ಅವರು ಅಳುತ್ತಿದ್ದರು, ಮುಖದ ಬಟ್ಟೆ ಒದ್ದೆಯಾಗಿತ್ತು. ಡಾಕ್ಟರು ಕ್ಷಮೆ ಕೇಳಲಿಲ್ಲ, ಇವರೂ ನಿರೀಕ್ಷಿಸಲಿಲ್ಲ. “ಗಾಯ ಹೊಲ್ಯಾಕ ದಾರ ಕೊಡ್ರಿ” ಅಂದರು, ಇವರು ಕೊಟ್ಟರು. ಬೋಗುಣಿಯಲ್ಲಿ ಮುತ್ತಿನ ಬಣ್ಣದ, ತೆಂಗಿನಕಾಯಿಯಷ್ಟು ದಪ್ಪದ ಚೀಲ ತಣ್ಣಗೆ ತೇಲುತ್ತಿತ್ತು. ಇಷ್ಟು ಚೆಂದದ ವಸ್ತು ಇಷ್ಟು ಕೆಟ್ಟದ್ದು ಹೇಗಾಯಿತೋ!

ಆ ಬೋಗುಣಿಯನ್ನು ಡಾಕ್ಟರು ನಮ್ಮ ಪಕ್ಕದ ಕೋಣೆಯಲ್ಲಿ ಮಾಳವ್ವನಿಗೆ ತೋರಿಸಿದರು. ಅವಳು ಒಂದೇ ನೋಟಕ್ಕೆ ಗುರುತು ಹಿಡಿದಳು.

“ಇದು... ಇದು ಕಾಳಿಜದಾಗಿನ ನೀರಗುಳ್ಳಿ ಅಲ್ರೀ?” ಅಂದಳು. ಡಾಕ್ಟರು ನಾಯಿ, ಕುರಿ, ಮೊಟ್ಟೆ, ರೊಟ್ಟಿ ಎಲ್ಲ ಹೇಳುತ್ತಾ ಹೋದ ಹಾಗೆ ಅವಳು ಗೋಡೆ ಹಿಡಿದು ಕುಸಿದು ಕೂತಳು. “ನಾನ ಒಗದೀನ್ರೀ. ನನ್ನ ಕೈಲೇ. ಇಂಥಾ ಹೊಲಸು ನನ್ನ ಮಗಳು ತಿನ್ನಬಾರದು ಅಂತ ತಗದು ತಗದು ನಾಯಿಗೆ ಹಾಕೀನಲ್ರೀ!”

“ನಿನಗ ಗೊತ್ತಿರಲಿಲ್ಲವ್ವಾ. ನಿಮ್ಮ ಹಟ್ಟ್ಯಾಗ ಯಾರಿಗೂ ಗೊತ್ತಿಲ್ಲ.” ಡಾಕ್ಟರೂ ಅವಳೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. “ಇನ್ನ ಮ್ಯಾಲೆ ಅದನ್ನ ಸುಡ್ರಿ, ಇಲ್ಲಾ ನಾಯಿ ಕೆದರದಷ್ಟು ಆಳಕ್ಕ ಹೂಳ್ರಿ. ನಾಯಿಗೆ ಜಂತಿನ ಗುಳಿಗಿ ಹಾಕಸ್ರಿ. ಅದನ್ನ ಹೊಡದು ಹಾಕಬ್ಯಾಡ್ರಿ, ಅದರದೇನೂ ತಪ್ಪಿಲ್ಲ.”

ಅವಳು ತಲೆಯಾಡಿಸಿದಳು. ಆದರೆ ಅವಳು ಕೇಳಿಸಿಕೊಂಡದ್ದು ಎಷ್ಟೋ. “ಕಣ್ಣ ಬರತಾವೇನ್ರೀ?” ಅಂದಳು ಮತ್ತೆ.

ನನ್ನ ಮುದಿತನದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ, ಕೊನೆಗೆ ಹೇಳಬೇಕಾದ್ದು ಬೇರೆ ಇದೆ. ಮುಳಗುಂದ ಡಾಕ್ಟರು ಇನ್ನೂ ಹಲವು ವರ್ಷ ನನ್ನನ್ನು ಬಳಸಿದರು. ಆಮೇಲೆ ಸ್ಕ್ಯಾನ್ ಮಷಿನ್ ಬಂತು. ಒಳಗೆ ಏನಿದೆ ಅಂತ ಗಾಜಿನ ಪರದೆಯ ಮೇಲೆ ಬೆಳ್ಳಗೆ ಕಪ್ಪಗೆ ಕಾಣತೊಡಗಿತು, ತಟ್ಟಿ ಕೇಳುವ ಬೆರಳುಗಳು ಕಡಿಮೆಯಾದವು. ಒಂದೇ ಸಲ ಬಳಸಿ ಎಸೆಯುವ ಹೊಸ ಸೂಜಿಗಳು ಬಂದವು, ಪಾಪ, ಅವಕ್ಕೆ ಬಾಳುವೆಯೇ ಇಲ್ಲ. ಸಿಸ್ಟರ್ ಎಸ್ತೇರ್ ಊರಿಗೆ ಹೋದರು. ಈಗ ನಾನು ನರ್ಸಿಂಗ್ ಕಲಿಯುವ ಹುಡುಗಿಯರ ಕ್ಲಾಸಿನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಹಾಸಿದ ಹತ್ತಿಯ ಮೇಲೆ ಮಲಗಿದ್ದೇನೆ. “ಅಬ್ಬಾ, ಇದನ್ನ ತಲೆಗೆ ಚುಚ್ಚತಿದ್ರಾ!” ಅಂತ ಹೊಸ ಹುಡುಗಿಯರು ಪ್ರತಿ ವರ್ಷ ಬೆಚ್ಚುತ್ತಾರೆ. ನನಗೆ ಬೇಸರವಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಮಾಡಿದ ಕೆಲಸ, ಉಳಿದ ವರ್ಷಗಳೆಲ್ಲ ಓಡಾಡಿ ಮಾಡಿದ್ದಕ್ಕಿಂತ ಕಡಿಮೆಯೇನಲ್ಲ ಅಂತ ಈಗೀಗ ಅನ್ನಿಸುತ್ತದೆ.

ಇರಲಿ. ಹೇಳಬೇಕಾದ್ದು ಇದು.

ಆಪರೇಷನ್ ಆದ ಮೇಲೆ ಬೀರವ್ವ ಉಸಿರಾಡಿದಳು, ಗಂಜಿ ನುಂಗಿದಳು. ಆದರೆ ಕಣ್ಣು ತೆರೆದರೂ ಆ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಡಾಕ್ಟರು ದಿನಾ ಬೆರಳು ಆಡಿಸಿ ನೋಡುತ್ತಿದ್ದರಂತೆ, ದಿನಾ ಸುಮ್ಮನೆ ಹಿಂದಿರುಗುತ್ತಿದ್ದರಂತೆ. ಮಾಳವ್ವ ಅನ್ನ ಬಿಟ್ಟಿದ್ದಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ಬ್ಯಾಂಡೇಜಿನ ಕೆಳಗೆ ಮೆತ್ತಗೆ ಊದಿಕೊಂಡದ್ದು ಕಂಡಿತು. ಚೀಲ ಇದ್ದ ಖಾಲಿ ಜಾಗದಲ್ಲಿ ಮಿದುಳಿನದೇ ನೀರು, ವಿಷವಿಲ್ಲದ್ದು, ಕಟ್ಟಿ ಮತ್ತೆ ಒತ್ತುತ್ತಿದೆಯೇನೋ. ಹುಡುಗಿ ಮಂಪರಾಗಿದ್ದರೆ ನೀರು ತೆಗೆಯಲೇಬೇಕು, ಎಚ್ಚರವಿದ್ದರೆ ಕಾಯಬಹುದು. ಈ ಸಲ ಡಾಕ್ಟರೇ ನನ್ನನ್ನು ಕುದಿಸೋದಕ್ಕೆ ಹೇಳಿದರು. ಸಿಸ್ಟರ್ ಟ್ರೇಯಲ್ಲಿ ಬಟ್ಟೆ ಮುಚ್ಚಿ ವಾರ್ಡಿಗೆ ತಂದರು. ಆ ತಲೆಯೊಳಗೆ ಹೋಗುವ ಹಣೆಬರಹ ನನಗೆ ತಪ್ಪಲಿಲ್ಲವಲ್ಲ ಅಂದುಕೊಂಡು ನಾನು ಬಟ್ಟೆಯ ಕೆಳಗೆ ಮಲಗಿದ್ದೆ.

ಡಾಕ್ಟರು ಗ್ಲೌಸ್ ಹಾಕಿಕೊಂಡು, ಬಟ್ಟೆ ಸರಿಸಿ, ನನ್ನನ್ನು ಎತ್ತಿಕೊಂಡರು. ಕಿಟಕಿಯ ಬಿಸಿಲು ನೇರವಾಗಿ ನನ್ನ ಮೈಮೇಲೆ ಬಿತ್ತು. ಬೀರವ್ವ ಅಂಗಾತ ಮಲಗಿದ್ದಳು, ಕಣ್ಣು ಸೂರಿನ ಕಡೆ. ನನ್ನ ಹೊಳಪು ಅವಳ ಮುಖದ ಮುಂದೆ ಹಾದುಹೋಯಿತು.

ಅವಳ ಕಣ್ಣು ಕದಲಿತು.

ಡಾಕ್ಟರ ಕೈ ಅಲ್ಲೇ ನಿಂತಿತು. ಆಮೇಲೆ ನನ್ನನ್ನು ಮೆಲ್ಲಗೆ ಬಲಕ್ಕೆ ಸರಿಸಿದರು. ಕಣ್ಣು ಬಲಕ್ಕೆ ಬಂತು. ಎಡಕ್ಕೆ ಸರಿಸಿದರು. ಎಡಕ್ಕೆ ಬಂತು. ಮಾಳವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಆಗ ಕಂಬಳಿಯ ಒಳಗಿನಿಂದ ಒಂದು ಕೈ ಮೇಲೆದ್ದಿತು. ಎಡಗೈ. ಅಲುಗಾಡುತ್ತಾ, ದಾರಿ ತಪ್ಪುತ್ತಾ, ಮತ್ತೆ ಸರಿಮಾಡಿಕೊಳ್ಳುತ್ತಾ ಬಂದು ನನ್ನನ್ನು ಹಿಡಿದುಕೊಂಡಿತು.

“ಯವ್ವಾ, ಇದೇನ?” ಅಂದಳು ಬೀರವ್ವ.

“ಅಯ್ಯೋ, ಮುಟ್ಟಿಬಿಟ್ಳಲ್ಲ! ಇನ್ನೊಮ್ಮೆ ಕುದಿಸಬೇಕು!” ಅಂತ ಸಿಸ್ಟರ್ ಎಸ್ತೇರ್ ಅಭ್ಯಾಸಬಲದಿಂದ ಗದರಿದರು. ಗದರುತ್ತಲೇ ಅವರಿಗೆ ಬಿಕ್ಕಳಿಸಿ ಅಳು ಬಂತು.

“ಬ್ಯಾಡ್ರಿ ಸಿಸ್ಟರ್” ಅಂದರು ಡಾಕ್ಟರು. “ಇವತ್ತ ಸೂಜಿ ಬೇಕಾಗೂದಿಲ್ಲ.”

ಮಾಳವ್ವ ಮಗಳ ಬೆರಳು ಬಿಡಿಸಲು ನೋಡಿದಳು. “ಬಿಡು ನನ್ನವ್ವ, ಡಾಕ್ಟರದು ಅದು, ಕೊಟ್ಟುಬಿಡು” ಅಂದಳು.

ಅವಳು ಕೊಡಲಿಲ್ಲ. ಕಣ್ಣಿನ ಹತ್ತಿರ ಹಿಡಿದು ನನ್ನ ಗೀರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.